ದೊಡ್ಡಮ್ಮನಿಗೆಂದು ಬಿಟ್ಟ ಜಾಗ

ಪ್ರಾಣಿಗಳಿಗೆ ಎಲ್ಲ ಮೊದಲೇ ತಿಳಿಯುತ್ತದೆ ಎಂದು ಯಾರಾದರೂ ಹೇಳಿದರೆ ಹಿಂದೆ ನಾನು ಅವರ ಎದುರಿಗೇ ನಕ್ಕುಬಿಡುತ್ತಿದ್ದೆ. ಬೆಕ್ಕು ಅಡ್ಡ ಬಂದರೂ ನಿಲ್ಲದೆ ನಡೆಯುವ ಹೆಂಗಸು ನಾನು. ಅದರಲ್ಲೂ ಕೋಳಿ! ಹುಣಸೆಬೀಜದಷ್ಟು ಮೆದುಳಿನ ಆ ಜೀವಕ್ಕೆ ಏನು ತಿಳಿದೀತು? ಹೀಗೆಂದುಕೊಂಡಿದ್ದ ನನ್ನ ಬಾಯಿ ಒಂದು ಸಂಜೆ ಮುಚ್ಚಿಹೋಯಿತು. ನೀವು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಜೊತೆಯಲ್ಲಿ ನಿಂತು ನೋಡಿದ ನನ್ನ ಯಜಮಾನರೇ ಇನ್ನೂ ಪೂರ್ತಿ ನಂಬಿಲ್ಲ.

ಅರುವತ್ತರ ದಶಕದ ಕೊನೆಯ ಮಾತು. ಯಜಮಾನರಿಗೆ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಸರಕಾರಿ ಕೆಲಸ, ಬಾಡಿಗೆ ಮನೆ ತ್ರಿಪ್ಪುಣಿತ್ತುರದಲ್ಲಿ. ಮಂಗಳೂರು ಕಡೆಯವಳಾದ ನನಗೆ ಹಿತ್ತಲಿದ್ದ ಮೇಲೆ ಕೋಳಿ ಇರಲೇಬೇಕು. ನಾಲ್ಕು ಸಾಕಿದೆ. ಕೆಂಪಗಿನ ಹಿರಿಯ ಹೇಂಟೆಗೆ ನಮ್ಮ ಮಗಳು ಉಷಾ ದೊಡ್ಡಮ್ಮ ಎಂದು ಹೆಸರಿಟ್ಟಳು. ಉಳಿದವು ಬಿಳಿ, ಚುಕ್ಕಿ, ಮತ್ತು ಬಾಲವಿಲ್ಲದ ಮೋಟು.

ಕೋಳಿಗಳು ಮಲಗಲು ಹೋಗುವುದನ್ನು ನೀವು ಕೂತು ನೋಡಿದ್ದೀರೋ ಇಲ್ಲವೋ. ನಮಗಂತೂ ದಿನಾ ಅದೇ ಸಿನಿಮಾ. ಬೆಳಕು ಕುಂದುತ್ತಿದ್ದಂತೆ ದೊಡ್ಡಮ್ಮ ಬಟ್ಟೆ ಒಗೆಯುವ ಕಲ್ಲು ಹತ್ತುತ್ತಿದ್ದಳು. ಒಂದು ಕಣ್ಣಿನಿಂದ ಮೇಲೆ ನೋಡಿ, ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿ, ಹಾರುವಂತೆ ಬಗ್ಗಿ, ಬೇಡವೆಂದು ನಿಂತು, ಕೊನೆಗೆ ಗೋಡೆಗೆ ಹಾರುತ್ತಿದ್ದಳು. ಅಲ್ಲಿಂದ ವಾಲಿದ ಬಿಂಬುಳಿ ಮರದ ಮೇಲೆ ನಡೆದು ಕೊಂಬೆ ಸೇರುತ್ತಿದ್ದಳು. ಬುಡದ ಕಡೆಯ ಜಾಗ ಅವಳದು, ಗಾಳಿ ತಾಕದ ಜಾಗ. ಪಕ್ಕದಲ್ಲಿ ಬಿಳಿ, ಆಮೇಲೆ ಮೋಟು, ತುದಿಯಲ್ಲಿ ಪಾಪದ ಚುಕ್ಕಿ. ಈ ಸಾಲು ತಪ್ಪಿದರೆ ತಲೆಗೆ ಕುಕ್ಕು ಬೀಳುತ್ತಿತ್ತು.

ತಿರುವನಂತಪುರಕ್ಕೆ ವರ್ಗವಾದಾಗ ದೊಡ್ಡಮ್ಮ ಕಾವಿಗೆ ಕೂತಿದ್ದಳು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬಾರದು ಎಂಬುದು ನನ್ನ ಅಜ್ಜಿಯ ಕಾಲದಿಂದ ಬಂದ ಕಟ್ಟಳೆ. ಶಕುನ ನಂಬದ ನಾನು ಅದೊಂದನ್ನು ಮೀರಲಾರೆ. ಅವಳನ್ನು ಮೊಟ್ಟೆಗಳ ಸಮೇತ ಪಕ್ಕದ ಮನೆಯ ಅಮ್ಮಿಣಿ ಚೇಚಿಗೆ, ಎಂದರೆ ಅಮ್ಮಿಣಿ ಅಕ್ಕನಿಗೆ, ಒಪ್ಪಿಸಿ, ಉಳಿದ ಮೂರನ್ನು ಬುಟ್ಟಿಯಲ್ಲಿ ಹಾಕಿ ಸಾಮಾನಿನ ಲಾರಿಗೆ ಏರಿಸಿದೆವು. ಉಷಾ ದಾರಿಯುದ್ದಕ್ಕೂ ಅತ್ತಳು. "ಮರಿ ದೊಡ್ಡವಾದ ಮೇಲೆ ಕರ್ಕೊಂಡು ಬರುವ ಮಗಾ, ಖಂಡಿತ," ಎಂದು ಮಾತು ಕೊಟ್ಟೆ. ಏಳು ವರ್ಷದ ಮಗುವಿಗೆ ಕೊಟ್ಟ ಮಾತೆಂದರೆ ಹುಡುಗಾಟವಲ್ಲ, ಅವಳು ಅದನ್ನು ದಿನಾ ನೆನಪಿಸುತ್ತಿದ್ದಳು.

ಹೊಸ ಮನೆಯ ಹಿತ್ತಲಲ್ಲಿ ಒಂದು ಗೇರುಮರವಿತ್ತು. ಕೋಳಿಗಳನ್ನು ಕೆಲವು ದಿನ ಕೂಡಿಹಾಕಿ, ಮನೆ ಅಭ್ಯಾಸವಾದ ಮೇಲೆ ಬಿಟ್ಟೆ. ಸಂಜೆ ಅವು ಒಗೆಯುವ ಕಲ್ಲು, ಸೌದೆ ಕೊಟ್ಟಿಗೆಯ ಗೋಡೆ, ಅಲ್ಲಿಂದ ಗೇರುಮರ ಎಂದು ದಾರಿಯನ್ನು ತಾವೇ ಕಂಡುಕೊಂಡು ಕೊಂಬೆಯ ಮೇಲೆ ಕೂತವು. ನೋಡಿದರೆ ಬುಡದ ಪಕ್ಕ ಒಂದು ಕೋಳಿ ಕೂರುವಷ್ಟು ಜಾಗ ಖಾಲಿ!

"ಅದು ದೊಡ್ಡಮ್ಮಯುಡೆ ಸ್ಥಲಮಾಣ್," ದೊಡ್ಡಮ್ಮನ ಜಾಗ ಅದು ಎಂದು ಉಷಾ ಕುಣಿದಳು. ಕನ್ನಡದಲ್ಲಿ ಕೇಳಿದರೂ ಮಲಯಾಳದಲ್ಲೇ ಉತ್ತರಿಸುವ ಹುಡುಗಿ ಅವಳು.

"ಅಭ್ಯಾಸಬಲ ಮಾರಾಯ್ತಿ, ನಾಲ್ಕು ದಿನದಲ್ಲಿ ಸರಿಹೋಗ್ತದೆ," ಎಂದರು ಯಜಮಾನರು. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ಸರಿಹೋಗಲಿಲ್ಲ. ಜಡಿಮಳೆ ಬಂದ ಸಂಜೆಗಳಲ್ಲೂ ಬಿಳಿ ಆ ಬೆಚ್ಚನೆಯ ಮೂಲೆಗೆ ಸರಿಯಲಿಲ್ಲ. ಯಜಮಾನರು ಚಾಲೆ ಮಾರುಕಟ್ಟೆಯಿಂದ ಒಂದು ಕಪ್ಪು ಹೇಂಟೆ ತಂದರು. ಅದು ಖಾಲಿ ಜಾಗ ಕಂಡು ಹೋಗಿ ಕೂತದ್ದೇ ತಡ, ಮೂರೂ ಸೇರಿ ಕುಕ್ಕಿ ಕುಕ್ಕಿ ಕೆಳಗೆ ಬೀಳಿಸಿದವು. ಪಾಪ, ಅದು ಕೊಟ್ಟಿಗೆಯ ಮಾಡಿನ ಮೇಲೆ ಒಂಟಿಯಾಗಿ ಮಲಗುವುದನ್ನು ಕಲಿತಿತು.

ಅಷ್ಟರಲ್ಲಿ ಕೆಟ್ಟ ಸುದ್ದಿ ಬಂತು. ಕಚೇರಿ ಕೆಲಸಕ್ಕೆ ಕೊಚ್ಚಿಗೆ ಹೋಗಿದ್ದ ಯಜಮಾನರು ನಮ್ಮ ಹಳೆಯ ಬೀದಿಗೂ ಹೋಗಿ ಬಂದರು. ಅಮ್ಮಿಣಿ ಚೇಚಿಯ ಮನೆಗೆ ಬೀಗ ಹಾಕಿತ್ತಂತೆ, ಹಿತ್ತಲಲ್ಲಿ ಕೆಂಪು ಪುಕ್ಕಗಳು ಚೆಲ್ಲಾಡಿದ್ದವಂತೆ. ಮುಂಗುಸಿ ನುಗ್ಗಿತ್ತೆಂದು ಎದುರು ಮನೆಯವರು ಹೇಳಿದರಂತೆ. ಆ ರಾತ್ರಿ ನನಗೆ ಅನ್ನ ಸೇರಲಿಲ್ಲ. ಉಷಾಳಿಗೆ ಹೇಗೆ ಹೇಳುವುದೆಂದು ಒದ್ದಾಡಿ ಬೆಳಿಗ್ಗೆ ಹೇಳಿಯೇಬಿಟ್ಟೆ. ಅವಳು ಅಳಲಿಲ್ಲ. ಗೇರುಮರದ ಕಡೆ ಕೈ ತೋರಿಸಿ, ಸತ್ತಿದ್ದರೆ ಇವರೇಕೆ ಜಾಗ ಬಿಡುತ್ತಾರೆ ಎಂದು ಮಲಯಾಳದಲ್ಲೇ ಕೇಳಿದಳು. ಅಂದಿನಿಂದ ಸಂಜೆಯಾದರೆ ಸಾಕು, ಆಟ ಬಿಟ್ಟು ಬಂದು ಕಲ್ಲಿನ ಪಕ್ಕ ಕೂರುತ್ತಿದ್ದಳು. ಒಂದು ದಿನ ಬಿಳಿ ಆ ಜಾಗಕ್ಕೆ ಸರಿದರೆ ಈ ಮಗುವಿನ ಗತಿ ಏನು ಎಂದು ನನಗೆ ಹೆದರಿಕೆ. ಒಲೆಯ ಮೇಲೆ ಸಾರು ಉಕ್ಕಿದರೂ ಬಿಟ್ಟು ನಾನೂ ಬಂದು ನೋಡತೊಡಗಿದೆ.

ಕೆಲವು ವಾರಗಳ ಬಳಿಕ ಒಂದು ಸಂಜೆ ಕೊಂಬೆಯ ಮೇಲೆ ದೊಡ್ಡ ಗಲಾಟೆ. ಬಿಳಿ ಜಾಗ ಬಿಟ್ಟಿತು! ಆದರೆ ಅದು ಬುಡದ ಕಡೆ ಹೋಗಲಿಲ್ಲ, ತುದಿಯ ಕಡೆ ಸರಿಯಿತು. ಮೋಟುವನ್ನು ದಬ್ಬಿತು, ಮೋಟು ಚುಕ್ಕಿಯನ್ನು ದಬ್ಬಿತು. ಚುಕ್ಕಿ ಬಳುಕುವ ತೆಳುಕೊಂಬೆಯ ಮೇಲೆ ರೆಕ್ಕೆ ಬಡಿಯುತ್ತ ಹೇಗೋ ನಿಂತಿತು. ಈಗ ಖಾಲಿ ಜಾಗದಲ್ಲಿ ಧಾರಾಳವಾಗಿ ಮೂರು ಕೋಳಿ ಕೂರಬಹುದಿತ್ತು. ಮರುದಿನವೂ ಹಾಗೆಯೇ, ಅದರ ಮರುದಿನವೂ ಹಾಗೆಯೇ. "ಕೊಂಬೆಯಲ್ಲಿ ಇರುವೆ ಉಂಟೋ ಏನೋ," ಎಂದು ಯಜಮಾನರು ಏಣಿ ಹಾಕಿ ಹುಡುಕಿದರು. ಒಂದೇ ಒಂದು ಇರುವೆ ಸಿಗಲಿಲ್ಲ.

ಅದೇ ವಾರ, ಸೂರ್ಯ ಮುಳುಗುವ ಹೊತ್ತಿಗೆ, ಗೇಟಿನಲ್ಲಿ ‘ನನ್ನ ಮಗಳೇ’ ಎಂದು ಮಲಯಾಳದಲ್ಲಿ ಕರೆಯುವ ಪರಿಚಿತ ದನಿ: "ಎಂಡೆ ಮೋಳೇ!" ಅಮ್ಮಿಣಿ ಚೇಚಿ! ಅಣ್ಣನ ಮನೆಗೆಂದು ತಿರುವನಂತಪುರಕ್ಕೆ ಬಂದವರು ಬುಟ್ಟಿ ಹೊತ್ತು ನೇರ ನಮ್ಮಲ್ಲಿಗೆ ಬಂದಿದ್ದರು. ಮುಚ್ಚಳ ತೆಗೆದರೆ ದೊಡ್ಡಮ್ಮ! ಪಕ್ಕದಲ್ಲಿ ಅರೆ ಬೆಳೆದ ಎರಡು ಹೇಂಟೆಮರಿಗಳು. ಮುಂಗುಸಿಗೆ ಸಿಕ್ಕಿದ್ದು ಚೇಚಿಯದೇ ಒಂದು ಕೆಂಪು ಕೋಳಿಯಂತೆ. ಆ ಹೆದರಿಕೆಗೆ ಅವರು ದೊಡ್ಡಮ್ಮನನ್ನೂ ಮರಿಗಳನ್ನೂ ಎತ್ತಿಕೊಂಡು ಕೊಚ್ಚಿಯಲ್ಲೇ ಎಡಪ್ಪಳ್ಳಿಯ ಮಗಳ ಮನೆಯಲ್ಲಿ ಇದ್ದರಂತೆ.

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಬುಟ್ಟಿಯಿಂದ ಇಳಿದು ಮೈ ಕೊಡವಿದಳು. ಅವಳು ಹುಟ್ಟಿದಂದಿನಿಂದ ಕಾಣದ ಹಿತ್ತಲು ಅದು, ಬೆಳಕೂ ಕಂತುತ್ತಿತ್ತು. ಹೊಸ ಜಾಗದಲ್ಲಿ ಬಿಟ್ಟ ಕೋಳಿ ಮುಸ್ಸಂಜೆಗೆ ಮೂಲೆ ಹಿಡಿದು ಮುದುಡುವುದನ್ನೇ ನಾನು ಕಂಡಿದ್ದೆ. ಇವಳು ನೆಟ್ಟಗೆ ನಡೆದಳು. ಕಲ್ಲು, ಗೋಡೆ, ಗೇರುಮರ! ಎಲ್ಲಿಯೂ ಕತ್ತು ತಿರುಗಿಸಿ ಅಳೆಯಲಿಲ್ಲ, ಒಮ್ಮೆಯೂ ಹಿಂಜರಿಯಲಿಲ್ಲ. ಹಿಂದೆ ಎರಡು ಮರಿಗಳು. ಬುಡದ ಪಕ್ಕ ಅವಳು, ಆಮೇಲೆ ಅವು, ಆಮೇಲೆ ಬಿಳಿ. ನಡುವೆ ಒಂದು ಬೆರಳು ತೂರಿಸುವಷ್ಟೂ ಜಾಗ ಉಳಿಯಲಿಲ್ಲ. ಕಪ್ಪು ಹೇಂಟೆಯನ್ನು ಕುಕ್ಕಿ ಬೀಳಿಸಿದ್ದ ಅದೇ ಬಿಳಿ ಈ ಅಪರಿಚಿತ ಮರಿಗಳಿಗೆ ಕೊಕ್ಕನ್ನೂ ತಾಗಿಸಲಿಲ್ಲ.

ಮರಿಗಳು ತಾಯಿಯ ಜೊತೆ ಮೇಲೆ ಮಲಗತೊಡಗಿದ್ದು ಯಾವಾಗ ಎಂದು ಚೇಚಿಯನ್ನು ಕೇಳಿದೆ. ಮೊನ್ನೆ ಮೊನ್ನೆಯವರೆಗೆ ನೆಲದ ಮೇಲೆ ಅವಳ ರೆಕ್ಕೆಯಡಿಯಲ್ಲೇ ಇದ್ದವು, ಇದೇ ವಾರ ಕಿಟಕಿ ಸರಳಿನ ಮೇಲೆ ಹತ್ತಿಸಿದಳು ಎಂದರು ಅವರು. ಬಿಳಿ ತುದಿಯ ಕಡೆ ಸರಿದು ಮೂರು ಕೋಳಿಯ ಜಾಗ ಬಿಟ್ಟದ್ದೂ ಇದೇ ವಾರ!

ಎಷ್ಟೋ ವರ್ಷ ಕಳೆದವು. ಅದೆಲ್ಲ ಕಾಕತಾಳೀಯ ಎಂದು ಯಜಮಾನರು ಈಗಲೂ ಹೇಳುತ್ತಾರೆ. ಇರಬಹುದು. ಹಾಗಾದರೆ ಕೊಚ್ಚಿಯ ಕಿಟಕಿ ಸರಳಿನ ಸುದ್ದಿ ತಿರುವನಂತಪುರದ ಗೇರುಕೊಂಬೆಗೆ ಮುಟ್ಟಿಸಿದವರು ಯಾರು ಎಂದು ಕೇಳಿದರೆ ಅವರು ಪತ್ರಿಕೆ ಎತ್ತಿಕೊಳ್ಳುತ್ತಾರೆ. ನನಗೆ ಗೊತ್ತಿರುವುದು ಇಷ್ಟೇ: ಆ ಸಂಜೆ ಕತ್ತಲಾಗುವವರೆಗೆ ಕಲ್ಲಿನ ಪಕ್ಕ ನಿಂತಿದ್ದ ಉಷಾ ನನ್ನ ಸೆರಗು ಹಿಡಿದೆಳೆದು, ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು: "ಅಮ್ಮ, ನಾನು ಹೇಳಿದ್ದಲ್ವಾ? ಇವರಿಗೆ ಗೊತ್ತಿತ್ತು."