ಹಸಿ ಮಾಳಿಗೆ ಹತ್ತುವ ಮುನ್ನ

ಮಳೆ ನಿಂತ ಕೂಡಲೇ ಎಲ್ಲಿಯಾದರೂ ಎತ್ತರಕ್ಕೆ ಹತ್ತಿ ನಿಲ್ಲಬೇಕೆನಿಸುವುದು ನನ್ನ ಹಳೆಯ ಚಟ. ಎಲೆಯಡಿಕೆ, ಬೀಡಿ, ಇಸ್ಪೀಟು ಯಾವುದೂ ಅಂಟಿಸಿಕೊಳ್ಳದ ನನಗೆ ಇದೊಂದು ಅಂಟಿತು. ಇದಕ್ಕೆ ಖರ್ಚಿಲ್ಲ, ಬಾಯಿ ವಾಸನೆ ಬರುವುದಿಲ್ಲ, ಹಿರಿಯರು ಬಯ್ಯುವುದಿಲ್ಲ ಎಂದು ಬಹುಕಾಲ ನೆಮ್ಮದಿಯಿಂದಿದ್ದೆ. ಬಯ್ಯುವವರು ಸಿಕ್ಕಿದ್ದು ಸಾಲಗುಂದದಲ್ಲಿ.

ನಾನು ಹುಟ್ಟಿದ್ದು ಲಿಂಗಸುಗೂರು, ಸೋದರಮಾವನ ಊರು ಮಸ್ಕಿ. ಹೀಗಾಗಿ ನನ್ನ ಚಟ ಬೆಳೆದದ್ದು ಮಸ್ಕಿಯ ಗುಡ್ಡದ ಮೇಲೆ. ಅಲ್ಲಿಯದು ಕಗ್ಗಲ್ಲು. ಎಂಥ ಮಳೆ ಹೊಡೆದರೂ ಅರ್ಧ ತಾಸಿನಲ್ಲಿ ಮೈ ಒರೆಸಿಕೊಂಡು, ಏನೂ ಆಗಿಲ್ಲವೆಂಬಂತೆ ಕೂತಿರುತ್ತದೆ. ಹತ್ತುವವನು ತನ್ನ ಮೊಣಕಾಲಿನ ಚಿಂತೆ ಮಾಡಿದರೆ ಸಾಕು, ಗುಡ್ಡದ ಚಿಂತೆ ಮಾಡಬೇಕಾಗಿಲ್ಲ. ಜಾರಿ ಬಿದ್ದರೆ ಏಟು ನಮಗೇ ಹೊರತು ಕಲ್ಲಿಗಲ್ಲ. ಕಗ್ಗಲ್ಲಿನ ಮೇಲೆ ಆಡಿ ಬೆಳೆದವರಿಗೆ ನೀತಿಪಾಠದ ಒಂದು ಅಧ್ಯಾಯವೇ ತಪ್ಪಿಹೋಗುತ್ತದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ಆ ಅಧ್ಯಾಯ ಇದೆಯೆಂದು ಮೊದಲು ಹೇಳಿದವನು, ಮಾಸ್ತರಿಕೆಯ ಟ್ರೇನಿಂಗಿನಲ್ಲಿ ನನ್ನ ಕೋಣೆಯಲ್ಲಿದ್ದ ಬಾದಾಮಿ ಕಡೆಯ ಗೆಳೆಯ. ಅವರ ಊರಿನ ಗುಡ್ಡವೆಲ್ಲ ಕೆಂಪು ಮರಳುಗಲ್ಲು. ಅದು ನೀರು ಕುಡಿಯುತ್ತದಂತೆ. ಹೊರಗೆ ಒಣಗಿದಂತೆ ಕಂಡರೂ ಹೊಟ್ಟೆಯೊಳಗೆ ಹಸಿ ಇರುತ್ತದಂತೆ. ಆಗ ಹಿಡಿದು ಜಗ್ಗಿದರೆ ಹಿಡಿದ ಅಂಚು ಮುರಿದು ಕೈಗೇ ಬರುತ್ತದೆ. ಅದಕ್ಕೇ ಅಲ್ಲಿಯ ಕುರಿ ಕಾಯುವವರು ಮಳೆಯಾದ ಮೇಲೆ ಎರಡು ದಿನ ಕಡಿದಾದ ದಾರಿಗೆ ಹೋಗುವುದಿಲ್ಲ ಎಂದ. ಬೀಳುವ ಹೆದರಿಕೆ ಇರಬೇಕು ಎಂದೆ ನಾನು.

"ಬೀಳೂದು ಬಿಡಲೇ, ಅದು ನಿನ್ನ ಹಣೆಬರಹ," ಎಂದ ಅವನು. "ಆ ಹಿಡಿ ನೀ ಮುರಕೊಂಡು ಹೋದಿ ಅಂದ್ರ ನಾಳೆ ಹತ್ತಾವ ಏನು ಹಿಡೀಬೇಕು?"

ನಾನು ನಕ್ಕುಬಿಟ್ಟೆ. ಕಲ್ಲು ಮುರಿದೀತೆಂದು ಕಾಯುವವರನ್ನು ನಾನು ಕಂಡಿರಲಿಲ್ಲ. ಅವನ ಗುಡ್ಡಕ್ಕೆ ಹೋಗುವ ಯೋಗ ಬರಲೇ ಇಲ್ಲ. ಅವನ ನೀತಿ ಮಾತ್ರ ನನ್ನನ್ನು ಹುಡುಕಿಕೊಂಡು ಸಿಂಧನೂರು ತಾಲೂಕಿಗೆ ಬಂತು.

ತುಂಗಭದ್ರೆಯ ಕಾಲುವೆ ಅಗೆದು ಮುಗಿದು, ಅದರ ಮರಿಕಾಲುವೆಗಳಿಗೆ ನೀರು ಇಂದು ಬರುತ್ತದೆ ನಾಳೆ ಬರುತ್ತದೆ ಎಂದು ಜನ ಕತ್ತು ಉದ್ದ ಮಾಡಿಕೊಂಡಿದ್ದ ವರ್ಷಗಳವು. ಆಂಧ್ರದ ಕಡೆಯಿಂದ ಬಂದವರು ಕ್ಯಾಂಪು ಹಾಕಿಕೊಂಡು ಆಗಲೇ ಭತ್ತದ ಮಾತಾಡುತ್ತಿದ್ದರು. ನಮ್ಮವರು ಜೋಳದ ರೊಟ್ಟಿ ಮುರಿಯುತ್ತ ಅದನ್ನು ಕೇಳಿಸಿಕೊಳ್ಳುತ್ತಿದ್ದರು. ಶಾಲೆಯ ಮಾಸ್ತರನಾಗಿ ಸಾಲಗುಂದಕ್ಕೆ ಬಂದ ನಾನು, ಅಮರಮ್ಮ ಎಂಬ ವಿಧವೆಯ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಮೂರು ಅಂಕಣದ ಮಣ್ಣಿನ ಮಾಳಿಗೆ ಮನೆ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಎಲ್ಲದರ ಮೇಲೆ ಮೊಳದಷ್ಟು ಮಣ್ಣು. ಮುಂಗಾರಿಗೆ ಮುಂಚೆ ಅದರ ಮೇಲೆ ಸವಳು ಮಣ್ಣು ಹರವಿ ಬಡಿದು ಬಿಗಿ ಮಾಡಿದರೆ ಮಳೆಯ ನೀರು ಸರಾಗವಾಗಿ ಹರಿದು ಅಂಚಿಗೆ ಚಾಚಿದ ಮರದ ದೋಣಿಯಲ್ಲಿಳಿದು ಬೀದಿಗೆ ಬೀಳುತ್ತದೆ. ಆದರೆ ಹಸಿಯಿದ್ದಾಗ ಯಾರಾದರೂ ಮೇಲೆ ಕಾಲಿಟ್ಟರೆ ಹೆಜ್ಜೆ ತಗ್ಗಾಗುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಕೆಳಗಿಳಿಯಲು ದಾರಿ ಹುಡುಕುತ್ತದೆ.

ಇದನ್ನು ಅಮರಮ್ಮ ನಾನು ಟ್ರಂಕು ಇಳಿಸಿದ ದಿನವೇ ಹೇಳಿದ್ದಳು. "ಮಾಸ್ತರ್ರ, ಈ ಮನ್ಯಾಗ ನೀವು ಹೆಂಗರ ಇರ್ರಿ, ನನ್ನ ತಕರಾರಿಲ್ಲ. ಮಳಿ ನಿಂತ ಮ್ಯಾಲೆ ಮೂರು ಬಿಸಿಲು ಬೀಳೋತನಕ ಮಾಳಿಗಿ ಮ್ಯಾಲೆ ಕಾಲಿಡಬ್ಯಾಡ್ರಿ. ದೇವರು ಇಳಿದು ಬಂದ್ರೂ ನಾ ಏಣಿ ಕೊಡಂಗಿಲ್ಲ."

ಮೂರು ಬಿಸಿಲು! ನನ್ನಂಥ ಚಟದವನಿಗೆ ಇದು ಊಟ ಬಡಿಸಿ ಮೂರು ದಿನ ಬಿಟ್ಟು ಉಣ್ಣು ಎಂದ ಹಾಗೆ. ಆದರೂ ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ನಾಲ್ಕನೆಯ ಇಯತ್ತೆಗೆ ಅದನ್ನೇ ಪಾಠ ಮಾಡಿದೆ. ಪರರ ಸೂರನ್ನು ತುಳಿಯಬಾರದು ಎಂದು ಬೋರ್ಡಿನ ಮೇಲೆ ದುಂಡಗೆ ಬರೆದೆ. ಪಾಠ ಮಾಡುವವನಿಗೆ ಆ ಪಾಠ ತನ್ನನ್ನು ಬಿಟ್ಟು ಉಳಿದವರಿಗೆ ಎಂದು ಹೇಗೋ ಅನಿಸಿಬಿಡುತ್ತದೆ. ಈ ರೋಗಕ್ಕೆ ನಾನೊಬ್ಬನೇ ತುತ್ತಾದವನಲ್ಲವೆಂದು ಸಮಾಧಾನ ಮಾಡಿಕೊಂಡಿದ್ದೇನೆ.

ಆ ವರ್ಷ ಪುಷ್ಯ ಮಳೆ ಹಿಡಿಯಿತು. ಒಂದು ಸಂಜೆ ಸ್ವಲ್ಪ ಹೊಳವಾಯಿತು. ಅದೇ ದಿನ ಮೇಲಿನಿಂದ ನೀರು ಬಿಟ್ಟಿದ್ದಾರೆಂಬ ಸುದ್ದಿ ಮತ್ತೊಮ್ಮೆ ಬಂದಿತ್ತು. ಕಾಲುವೆ ಊರಿನಿಂದ ದೂರವೇನಲ್ಲ, ಆದರೆ ನಡುವೆ ಇದ್ದದ್ದು ಎರೆಮಣ್ಣು. ಒಣಗಿದಾಗ ಅದು ಬಿರುಕುಬಿಟ್ಟ ನೆಲ, ನೆನೆದಾಗ ಚಪ್ಪಲಿ ನುಂಗುವ ಬಾಯಿ. ಕಾಲುವೆಯ ತನಕ ಹೋಗುವ ಧೈರ್ಯವಿಲ್ಲ, ನೋಡದೆ ಇರುವ ತಾಳ್ಮೆಯಿಲ್ಲ. ಉಳಿದದ್ದು ಮಾಳಿಗೆ. ಅಮರಮ್ಮ ಎತ್ತಿಗೆ ಮೇವು ಹಾಕಲು ಒಳಗೆ ಹೋದದ್ದನ್ನು ನೋಡಿ ಏಣಿ ಹತ್ತಿದೆ. ಪಕ್ಕದ ಬಸಪ್ಪನ ಬಣವೆ ಅಡ್ಡ ಬರುತ್ತಿತ್ತು. ನಡುವಿನ ಅಂಕಣದ ಮೇಲೆ ಒಂದು ಮೂಲೆಗೆ ಹೋಗಿ, ತುದಿಗಾಲಲ್ಲಿ ನಿಂತರೆ ಮಾತ್ರ ಕಾಲುವೆಯ ಒಡ್ಡು ಕಾಣುತ್ತಿತ್ತು. ನಿಂತೆ. ಒಡ್ಡು ಕಂಡಿತು, ನೀರು ಕಾಣಲಿಲ್ಲ. ಕಾಲಡಿ ಮಣ್ಣು ಮೆತ್ತಗೆ ಒಂದಿಷ್ಟು ಇಳಿಯಿತು. ಬೆಕ್ಕಿನಂತೆ ಇಳಿದುಬಂದು ಪಾಠದ ಪುಸ್ತಕ ಹಿಡಿದು ಕೂತೆ.

ಮಳೆ ಮತ್ತೆ ಹಿಡಿಯಿತು. ಮರುದಿನವೂ ಬಿಡಲಿಲ್ಲ, ಅದರ ಮರುದಿನವೂ ಬಿಡಲಿಲ್ಲ. ನಡುವಿನ ಅಂಕಣದಲ್ಲಿ ಮಲಗಿದ್ದವಳು ಅಮರಮ್ಮನ ಮಗಳು ಗಂಗಮ್ಮ, ಹತ್ತು ದಿನದ ಹಸುಗೂಸಿನ ಬಾಣಂತಿ. ಅವಳ ಹೊರಸಿನ ಮೇಲೆಯೇ ತೊಟ್ಟಿಕ್ಕತೊಡಗಿತು. ಹೊರಸು ಸರಿಸಿದರು, ಹನಿಯೂ ಸರಿದು ಬಂತು. ನನ್ನ ಕೋಣೆಗೆ ತರೋಣವೆಂದರೆ ಅದರ ಹಸಿ ಗೋಡೆ ಆಗಲೇ ಹೊಟ್ಟೆ ಉಬ್ಬಿಸಿತ್ತು. ಬಸಪ್ಪನ ಮನೆಗೆ ಒಯ್ಯೋಣವೆಂದರೆ ಅಲ್ಲಿ ಎರಡು ಅಂಕಣ ಸೋರುತ್ತಿದ್ದವು. ಮೂರನೆಯ ದಿನ ಮಧ್ಯಾಹ್ನ ನೀರಿನ ಜೊತೆ ಒಂದು ಚಿಟಿಕೆ ಮಣ್ಣೂ ಉದುರಿ ಕೂಸಿನ ಕುಲಾವಿಯ ಮೇಲೆ ಬಿತ್ತು. ಅಮರಮ್ಮ ಅದನ್ನು ಬೆರಳಿನಿಂದ ಎತ್ತಿ ನೋಡಿದಳು. ನೀರು ಬಂದರೆ ಸೋರುವುದು, ಮಣ್ಣು ಬಂದರೆ ಕುಸಿಯುವುದು. ಮಣ್ಣಿನ ಮನೆಯಲ್ಲಿ ಇರುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ತುದಿಗಾಲಲ್ಲಿ ನಿಂತಿದ್ದ ಜಾಗ ಸರಿಯಾಗಿ ಆ ಹೊರಸಿನ ಮೇಲೆಯೇ ಇತ್ತು.

ಯಾರಾದರೂ ಮೇಲೆ ಹೋಗಿ ತಗ್ಗಿನ ನೀರು ಹರಿಬಿಟ್ಟು ಒಣಮಣ್ಣು ತುಂಬಲೇಬೇಕು. ಹೋದವರ ಭಾರಕ್ಕೆ ಮಾಳಿಗೆಯೇ ಇಳಿದರೆ? ಹಗುರವಾದವರು ಹೋಗಬೇಕೆಂದು ತೀರ್ಮಾನವಾಯಿತು. ಮಕ್ಕಳು ಹಗುರವಾದರೂ ಕಾಲು ನಿಲ್ಲುವುದಿಲ್ಲವೆಂದು ಅಮರಮ್ಮ ಬೇಡವೆಂದಳು. ಬಸಪ್ಪ ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ತಾನಾಗಿಯೇ ಹಿಂದೆ ಸರಿದ. ಉಳಿದವರು ಅಮರಮ್ಮ, ಅಳಿಯ ವೀರೇಶ ಮತ್ತು ನಾನು. ಮೂವರಲ್ಲಿ ಯಾರು ಹಗುರ ಎಂಬ ಚರ್ಚೆ ಜೋರಾಯಿತು. ಕೊನೆಗೆ ಬಸಪ್ಪ ತನ್ನ ಪಡಸಾಲೆಯಲ್ಲಿ ತೂಗುಹಾಕಿದ್ದ ಶೇಂಗಾ ತೂಗುವ ದೊಡ್ಡ ತಕ್ಕಡಿಗೆ ನಮ್ಮನ್ನು ಕರೆದೊಯ್ದ.

ಒಂದು ತಟ್ಟೆಯಲ್ಲಿ ವೀರೇಶ, ಇನ್ನೊಂದರಲ್ಲಿ ನಾನು. ನಾನು ಮೇಲೆ ಹೋದೆ. ಆಮೇಲೆ ಅವನು ಇಳಿದು ಅಮರಮ್ಮ ಕೂತಳು. ಆಗಲೂ ನಾನು ಮೇಲೆಯೇ ಹೋದೆ. ಸರಕಾರಿ ಸಂಬಳ ತಿನ್ನುವ ಗಂಡಸೊಬ್ಬ ಅರವತ್ತು ದಾಟಿದ ಹೆಂಗಸಿಗಿಂತ ಹಗುರವೆಂದು ಮೂರು ಮನೆಯ ಜನರ ಮುಂದೆ ಸಾಬೀತಾಯಿತು. ಬಸಪ್ಪ ತಕ್ಕಡಿಯ ಮುಳ್ಳನ್ನು ಮತ್ತೊಮ್ಮೆ ನೋಡಿ, "ಮಾಸ್ತರ್ರ, ನೀವು ಊಟ ಮಾಡ್ತೀರಿ ಇಲ್ರಿ?" ಎಂದ. ಅದರಲ್ಲಿ ಚೇಷ್ಟೆ ಇರಲಿಲ್ಲ, ನಿಜವಾದ ಕಾಳಜಿ ಇತ್ತು. ಅದಕ್ಕೇ ಹೆಚ್ಚು ನೋವಾಯಿತು.

ತಟ್ಟೆಯಲ್ಲಿ ತೂಗಾಡುತ್ತಲೇ ಸತ್ಯ ಹೇಳಿಬಿಡಬೇಕೆಂದು ನನಗನಿಸಿತ್ತು. ಹೇಳಲಿಲ್ಲ. ಮೊದಲು ಮಾಳಿಗೆ, ಆಮೇಲೆ ಮಾನ ಎಂದುಕೊಂಡೆ. ಅಗಲವಾದ ಹಲಗೆಯೊಂದನ್ನು ಮೇಲೆ ಹಾಕಿ ಅದರ ಮೇಲೆ ಬೋರಲು ಮಲಗಿ, ಒಣಮಣ್ಣಿನ ಬುಟ್ಟಿಯನ್ನು ಮುಂದೆ ತಳ್ಳುತ್ತ, ಹಲ್ಲಿಯ ಹಾಗೆ ಸರಿದೆ. ಕೆಳಗೆ ಕೂಸು ಅಳುವುದು ಕೇಳುತ್ತಿತ್ತು. ಜಂತಿ ಸಣ್ಣಗೆ ಕಿರ್‌ ಎಂದಾಗಲೆಲ್ಲ ನಾನು ಉಸಿರು ಬಿಡುವುದನ್ನು ನಿಲ್ಲಿಸುತ್ತಿದ್ದೆ, ಉಸಿರಿಗೂ ತೂಕವಿದೆ ಎಂಬಂತೆ.

ತಗ್ಗು ಸಿಕ್ಕಿತು. ಅದರ ಅಂಚು ಕೆರೆದು ನೀರು ಹರಿಬಿಟ್ಟೆ. ನೀರು ಇಳಿದಂತೆ ತಳದಲ್ಲಿ ಹೆಜ್ಜೆಗಳು ಕಂಡವು. ನನ್ನ ಉದ್ದನೆಯ ಬಡಕಲು ಹೆಜ್ಜೆ ಇತ್ತು. ಅದರ ಪಕ್ಕದಲ್ಲಿ ಅಗಲ ಹಿಮ್ಮಡಿಯದೊಂದು. ಅದನ್ನು ತುಳಿದು ಒಂದು ಪುಟ್ಟ ಹೆಜ್ಜೆ. ಇನ್ನೊಂದು ಕಡೆ ಇನ್ನೂ ಒಂದು ಜೋಡಿ, ಬೆರಳು ಊರಿದ್ದು. ಬಣವೆ ತಪ್ಪಿಸಿ ಕಾಲುವೆ ಕಾಣುವುದು ಆ ಒಂದೇ ಜಾಗದಿಂದ. ಹತ್ತಿದವರೆಲ್ಲ ಅಲ್ಲಿಯೇ, ನನ್ನ ಹಾಗೆಯೇ, ತುದಿಗಾಲಲ್ಲಿ ನಿಂತಿದ್ದರು. ಮೂರು ದಿನದಿಂದ ನಾನೊಬ್ಬನೇ ಪಾಪಿ ಎಂದು ಒಳಗೊಳಗೆ ಬೇಯುತ್ತಿದ್ದೆನಲ್ಲ, ಆ ಹೆಮ್ಮೆಯೂ ಹೋಯಿತು. ಬುಟ್ಟಿಯ ಮಣ್ಣನ್ನೆಲ್ಲ ಸುರಿದು ಅಂಗೈಯಿಂದ ತಟ್ಟಿ ಬಿಗಿಮಾಡಿ ಹಿಂದಕ್ಕೆ ಸರಿದೆ.

ಇಳಿದಾಗ ಹನಿ ನಿಂತಿತ್ತು. ಅಮರಮ್ಮ ಬಿಸಿ ಚಹಾ ಕೈಗಿಟ್ಟು, "ಮ್ಯಾಲೆ ಏನಾಗಿತ್ರೀ?" ಎಂದಳು.

"ಹೆಜ್ಜೆ ಬಿದ್ದಿದ್ದವು," ಎಂದೆ. ಕೋಣೆಯಲ್ಲಿದ್ದವರೆಲ್ಲ ಒಮ್ಮೆಲೇ ಜಂತಿ ಎಣಿಸತೊಡಗಿದರು. ಇನ್ನು ತಡೆಯಲಾಗಲಿಲ್ಲ. "ನನ್ನವು ಅವು. ಎಲ್ಲಾ ನನ್ನವೇ. ನೀವು ಬೇಡ ಅಂದಿದ್ದರೂ ನೀರು ನೋಡಲು ಹತ್ತಿದ್ದೆ. ತಪ್ಪಾಯಿತು."

ಅಮರಮ್ಮ ಸೆರಗು ಸರಿಮಾಡಿಕೊಂಡು, "ಎಲ್ಲಾ ನಿಮ್ಮವ ಅಂದ್ರ ಸುಳ್ಳು ಹೇಳಿದಂಗ ಆಕ್ಕೈತ್ರಿ ಮಾಸ್ತರ್ರ. ಅದರಾಗ ನನ್ನವೂ ಅದಾವ," ಎಂದಳು. ಕಾಲುವೆಯ ಬದಿಗೆ ಅವಳದು ಎರಡು ಎಕರೆ ಇತ್ತು.

ವೀರೇಶ ಕೆಮ್ಮಿದ. "ನಂದೂ ಒಂದು ಸಲ ಆಗೇತ್ರೀ ಅತ್ತಿ. ಚಪ್ಪಲಿ ಬಿಟ್ಟ ಹೋಗಿದ್ನಿ."

ಆಗ ಹೊರಸಿನಿಂದ ಸಣ್ಣ ದನಿ ಬಂತು. "ಯವ್ವಾ, ಹೆರಿಗಿ ಹಿಂದಿನ ದಿನ ಮಳಿ ನಿಂತಿತ್ತಲ್ಲ... ನಾನೂ ಹೋಗಿದ್ನಬೇ."

ಏಣಿಗೆ ಹನ್ನೊಂದು ಮೆಟ್ಟಿಲಿದ್ದವು. ತುಂಬಿದ ಬಸುರಿ ಹಸಿ ಮೆಟ್ಟಿಲು ಹತ್ತಿ, ಹಸಿ ಮಾಳಿಗೆಯ ಮೇಲೆ ತುದಿಗಾಲಲ್ಲಿ ನಿಂತ ಚಿತ್ರ ಎಲ್ಲರ ಕಣ್ಣಿಗೂ ಕಟ್ಟಿರಬೇಕು. ವೀರೇಶ ಗೋಡೆ ಹಿಡಿದುಕೊಂಡ. ಅಮರಮ್ಮನ ಬಾಯಿ ಬೈಗುಳಕ್ಕೆ ತೆರೆಯಿತು. ತೆರೆದದ್ದು ಹಾಗೆಯೇ ನಿಂತಿತು. ಆಮೇಲೆ ಅವಳು ಮೆಲ್ಲಗೆ ಕೇಳಿದಳು:

"ಕಂಡಿತೇನಬೇ?"

"ಇಲ್ಲಬೇ," ಎಂದಳು ಮಗಳು. "ಬರೇ ಒಡ್ಡು."

ಅಂದು ನನಗೆ ಅಳು ಬಂದದ್ದನ್ನು ಚಹಾದ ಹಬೆಯ ಮೇಲೆ ಹಾಕಿದೆ. ಅಮರಮ್ಮ ಅಲ್ಲಿಯೇ ಕಾಯಿದೆ ಬದಲಿಸಿದಳು. ಯಾರೂ ಹತ್ತಬಾರದು ಎಂದರೆ ಎಲ್ಲರೂ ಹತ್ತುತ್ತಾರೆ. ಆದ್ದರಿಂದ ಎಲ್ಲರ ಪರವಾಗಿ ಒಬ್ಬರು, ಹಲಗೆಯ ಮೇಲೆಯೇ ಸರಿದು, ದಿನಕ್ಕೊಮ್ಮೆ ನೋಡಿ ಬರಬೇಕು. ಆ ನೌಕರಿಗೆ ತಕ್ಕಡಿ ನನ್ನನ್ನು ಆಗಲೇ ಆರಿಸಿತ್ತು. ದಿನಾ ಸಂಜೆ ಶಾಲೆ ಬಿಟ್ಟ ಮೇಲೆ ಬೋರಲು ಸರಿದು, ಆ ಮೂಲೆಯಲ್ಲಿ ಹಲಗೆಯ ಮೇಲೆಯೇ ತುದಿಗಾಲಲ್ಲಿ ನಿಂತು ಒಡ್ಡು ನೋಡಿ, ಇಳಿದು ಬಂದು ಇಲ್ಲವೆನ್ನುತ್ತಿದ್ದೆ. ಅಂಗಳದಲ್ಲಿ ಬಸಪ್ಪನ ಮನೆಯವರೂ ಸೇರಿ ಹತ್ತಾರು ಜನ ಮುಖ ಮೇಲೆ ಮಾಡಿಕೊಂಡು ಕಾಯುತ್ತಿದ್ದರು.

ಮಳೆ ಬಿಟ್ಟು ಒಂದೇ ಬಿಸಿಲು ಬಿದ್ದಿದ್ದ ದಿನ ಒಡ್ಡಿನ ಹಿಂದೆ ಉದ್ದಕ್ಕೊಂದು ಬಿಳಿ ಗೆರೆ ಹೊಳೆಯಿತು. ಕಣ್ಣುಜ್ಜಿ ನೋಡಿದೆ. ಹೊಳೆಯುತ್ತಲೇ ಇತ್ತು, ಅಲುಗುತ್ತಲೂ ಇತ್ತು. ಕೂಗಬೇಕೆಂದು ಬಾಯಿ ತೆರೆದೆ. ಕೆಳಗೆ ನೋಡಿದೆ. ಅಷ್ಟೂ ಮುಖ, ಅಷ್ಟೂ ಕಾಲು, ಒಂದು ಏಣಿ. ಅಂಕಣದೊಳಗೆ ಕೂಸು ಮಲಗಿತ್ತು.

ಬಾಯಿ ಮುಚ್ಚಿಕೊಂಡೆ. ಏನೂ ಕಾಣದವನಂತೆ ಮೆಲ್ಲಗೆ ಇಳಿದೆ. ಏಣಿಯನ್ನು ಕಿತ್ತು ನೆಲಕ್ಕೆ ಮಲಗಿಸಿ, ಅದರ ಮೇಲೆ ಭದ್ರವಾಗಿ ಕೂತೆ. ಆಮೇಲೆ ಹೇಳಿದೆ.

ಅಮರಮ್ಮ ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಏಣಿಯನ್ನು ನೋಡಿದಳು. "ಮಾಸ್ತರ್ರು ಶ್ಯಾಣ್ಯಾ ಆಗ್ಯಾರ," ಎಂದು ಸೀರೆ ಎತ್ತಿ ಕಟ್ಟಿದಳು. "ನಡೀರಿ ಹಂಗಾರ, ಕೆಸರಾಗ ಹೋಗೂಣು." ಬಾಣಂತಿ ಮತ್ತು ಅವಳ ಗಂಡನನ್ನು ಬಿಟ್ಟು ಎಲ್ಲರೂ ಹೊರಟೆವು. ಎರೆಮಣ್ಣು ಮೊದಲು ನನ್ನ ಎಡ ಚಪ್ಪಲಿ ನುಂಗಿತು, ಅಷ್ಟು ದೂರದಲ್ಲಿ ಬಲಗಡೆಯದನ್ನೂ ನುಂಗಿತು. ಬಂಡಿದಾರಿಯಲ್ಲಿ ಮೊಳಕಾಲುದ್ದ ಇಳಿಯುತ್ತ, ಒಬ್ಬರನ್ನೊಬ್ಬರು ಎಳೆಯುತ್ತ, ಮನಸಾರೆ ತುಳಿಯುತ್ತ ಹೋದೆವು. ಕೆಸರಿನಲ್ಲಿ ಎಷ್ಟು ಹೆಜ್ಜೆ ಬಿದ್ದರೂ ಅದು ಯಾರ ತಲೆಯ ಮೇಲೂ ಸೋರುವುದಿಲ್ಲ.