ಘಟ್ಟದ ಕಡೆ ನೋಡುವ ಕಲ್ಲು

ಡಿಚೋಲಿಯ ಗಣಿಗೆ ಕೂಲಿಗೆಂದು ವಿಜಯಪುರದ ತಾಂಡಾದಿಂದ ಬಂದ ಮಂಗಿಬಾಯಿಗೆ ಗೋವಾ ಕೊಟ್ಟದ್ದು ಬಾಡಿಗೆಯ ತಗಡಿನ ಖೋಲಿ, ಕಿತ್ತುಕೊಂಡದ್ದು ಮೊಲೆಹಾಲು ಬಿಡದ ಮಗಳನ್ನು. ಹೊರಗಿನವರಿಗೆ ಇಲ್ಲಿಯ ಸ್ಮಶಾನದಲ್ಲಿ ಜಾಗವಿಲ್ಲ ಎಂದರು ಊರವರು. ದುಡಿಸಿಕೊಳ್ಳುವಾಗ ಮಾತ್ರ ಯಾರೂ ನಿನ್ನ ಊರು ಯಾವುದೆಂದು ಕೇಳಿರಲಿಲ್ಲ. ಅವಳೂ ಗಂಡ ಖೇಮಪ್ಪನೂ ಕೂಸನ್ನು ಗುಡ್ಡದ ಮೇಲೆ ಹೂತರು. ನರಿ ಕೆದರಬಾರದೆಂದು, ಅಲ್ಲೇ ಬಿದ್ದಿದ್ದ ಉದ್ದನೆಯ ಕೆಂಪು ಕಲ್ಲೊಂದನ್ನು ಉರುಳಿಸಿ ತಂದು ನಿಲ್ಲಿಸಿದರು. ಅದರ ಮುಖ ಘಟ್ಟದ ಕಡೆಗಿಟ್ಟರು. ಘಟ್ಟದಾಚೆ ತಾಂಡಾ ಇದೆಯಲ್ಲ, ಕೂಸಿಗೆ ದಾರಿ ತಪ್ಪಬಾರದು.

ಈ ಬೇಸಿಗೆಯಲ್ಲಿ ಅದೇ ಗುಡ್ಡದಲ್ಲಿ ಹಳೆಯ ಕಾಲದ ಕುರುಹು ಹುಡುಕುವ ಉತ್ಖನನ ಶುರುವಾಯಿತು. ಮಂಗಿಬಾಯಿ ಮಣ್ಣು ಹೊರಲು ಸೇರಿದ್ದೇ ಆ ಕಲ್ಲಿನ ಮೇಲೆ ಕಣ್ಣಿಡಲಿಕ್ಕೆ. ಅಗೆಸುತ್ತಿದ್ದ ಧಾರವಾಡದ ಪ್ರಾಚಿ ಒಳ್ಳೆಯ ಹುಡುಗಿ, ಚಹಾದ ಹೊತ್ತಿನಲ್ಲಿ ಕೂಲಿಯವರಿಗೂ ಬಿಡಿಸಿ ಹೇಳುತ್ತಿದ್ದಳು. ಗುಡ್ಡದ ತುಂಬ ನಿಂತಿರುವ ಇವು ಸಾವಿರಾರು ವರ್ಷದ ಹಿಂದಿನ ಜನ ಸತ್ತವರ ಮೇಲೆ ನೆಟ್ಟ ಕಲ್ಲುಗಳು. ಕೆಳಗಿನ ಒರತೆಯೇ ಅವರ ಬದುಕಾಗಿತ್ತು, ಅದಕ್ಕೇ ಎಲ್ಲವೂ ಅತ್ತ ನೋಡುತ್ತವೆ. ಸತ್ತವರನ್ನು ಎಲ್ಲಿ ಮಲಗಿಸಿದರೋ ಅದೇ ತಮ್ಮ ನೆಲವೆಂದು ಆ ಜನ ತಿಳಿದಿದ್ದರಂತೆ. ಕೇಳುತ್ತಿದ್ದ ಮಂಗಿಬಾಯಿ ತನ್ನ ಕಲ್ಲಿನ ಕಡೆ ನೋಡಿದಳು.

“ಇದೊಂದ ಕಲ್ಲು ಘಟ್ಟದ ಕಡೆ ನೋಡಾಕತ್ತೇತಿ,” ಎಂದಳು ಪ್ರಾಚಿ. “ಇದರ ಬುಡಕ ಇರೋರು ಘಟ್ಟದ ಆಚಿಂದ ಬಂದೋರಿರಬೇಕು. ಮದಲ ಇದನ್ನ ಅಗಿಯೂಣು.”

ಮಂಗಿಬಾಯಿ ಬುಟ್ಟಿ ಬಿಸಾಕಿ ಓಡಿಹೋಗಿ ಕಲ್ಲನ್ನು ತಬ್ಬಿ ಕುಳಿತಳು. ಕದ್ದು ಹೂತದ್ದಕ್ಕೆ ಪೊಲೀಸು, ಕೇಸು ಎಲ್ಲ ಕಣ್ಣ ಮುಂದೆ ಬಂದವು. ಆದರೂ ಬಾಯಿ ತಡೆಯಲಿಲ್ಲ.

“ಮುಟ್ಟಬ್ಯಾಡ್ರಿ ಅಕ್ಕಾರ. ಅದರ ಬುಡಕ ನನ್ನ ಕೂಸೈತಿ.”

ಪ್ರಾಚಿ ಸನಿಕೆ ಕೆಳಗಿಟ್ಟಳು. ಮುಟ್ಟುವುದಿಲ್ಲವೆಂದು ಮಾತು ಕೊಟ್ಟಳು. ಆದರೆ ಇನ್ನೊಂದನ್ನೂ ಹೇಳಲೇಬೇಕಾಯಿತು. ಮಳೆಗಾಲ ಮುಗಿದರೆ ಗುಡ್ಡ ಗಣಿಯವರಿಗೆ ಹೋಗುತ್ತದೆ, ಅದಕ್ಕೇ ಈ ಅವಸರದ ಅಗೆತ. ಹಳೆಯ ಮಡಕೆ, ಪೆಟ್ಟಿಗೆಗೆ ತುಂಬಿದ ಎಲುಬಿನ ಚೂರು, ಕಲ್ಲು ಎಲ್ಲ ಮ್ಯೂಸಿಯಮ್ಮಿಗೆ. ಉಳಿದದ್ದು ಜೆಸಿಬಿಯ ಬಾಯಿಗೆ.

ಮಂಗಿಬಾಯಿ ಬಹಳ ಹೊತ್ತು ಕಲ್ಲನ್ನು ಬಿಡಲಿಲ್ಲ. ಬೇರೆ ಕಡೆ ಹೂಳೋಣವೆಂದರೆ ಅಂಗೈಯಗಲ ನೆಲವಿಲ್ಲ. ತಾಂಡಾಕ್ಕೆ ಒಯ್ಯೋಣವೆಂದರೆ ಇಂಥ ಗಂಟನ್ನು ಯಾವ ಬಸ್ಸಿನವನು ಹತ್ತಿಸಿಕೊಳ್ಳುತ್ತಾನೆ? ಕೊನೆಗೆ ತಾನೇ ಎದ್ದು, ಸನಿಕೆ ಎತ್ತಿ ಪ್ರಾಚಿಯ ಕೈಗೆ ಕೊಟ್ಟಳು.

“ಹಂಗಾದ್ರ ಅಗೀರಿ ಅಕ್ಕಾರ. ಆ ಹಳೇ ಮಂದಿ ಕೂಡ ನನ್ನ ಮಗಳನ್ನೂ ಪೆಟ್ಟಿಗ್ಯಾಗ ಇಡ್ರಿ.”

ಅದಾಗುವುದಿಲ್ಲ, ಇದು ಹಳೆಯದಲ್ಲ ಎಂದಳು ಪ್ರಾಚಿ, ಅವಳ ಮುಖ ನೋಡಲಾಗದೆ.

“ಎಷ್ಟ ವರ್ಷ ಆಗಬೇಕ್ರಿ?” ಎಂದು ಕೇಳಿದಳು ಮಂಗಿಬಾಯಿ.