ಕರೆಂಟಿನ ಒಲೆಯ ಮೇಲೆ ಜೋಳದ ರೊಟ್ಟಿ

ಕಾರ್ಗಲ್‌ಗೆ ಬಂದ ಮರುದಿನವೇ ಹಾಲಿನ ಪಾತ್ರೆ ನನಗೆ ಹೊಡೆಯಿತು. ಸುಳ್ಳಲ್ಲ. ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಕರೆಂಟಿನ ಒಲೆಯಿತ್ತು. ಮಣ್ಣಿನ ಬಿಲ್ಲೆಯೊಳಗೆ ಸುರುಳಿ ತಂತಿ, ಮುಚ್ಚಳ ಗಿಚ್ಚಳ ಏನೂ ಇಲ್ಲ. ಅದು ಕೆಂಪಗಾಗುವುದನ್ನು ಬಾಯಿಬಿಟ್ಟು ನೋಡುತ್ತ ಪಾತ್ರೆಯ ಅಂಚು ಹಿಡಿದೆ ಅಷ್ಟೇ. ಭುಜದ ತನಕ ಜುಮ್ಮೆಂದಿತು. ಹಾಲೂ ನಾನೂ ನೆಲದ ಮೇಲಿದ್ದೆವು.

ಕೂಗು ಕೇಳಿ ಪಕ್ಕದ ಮನೆಯ ಸುಶೀಲಮ್ಮ ಓಡಿಬಂದರು. ರಿಪ್ಪನ್‌ಪೇಟೆಯವರು, ನಾನು ಹೊಸಬಳೆಂಬ ಸಂಕೋಚವೇ ಇಲ್ಲ.

"ಎಂತ ಮಾರಾಯ್ತಿ ನೀನು! ಬರಿಗಾಲಲ್ಲಿ ನಿಂತ್ಕಂಡು ಕರೆಂಟ್ ಒಲೆ ಮುಟ್ತಾರಾ? ಮಣೆ ಹಾಕ್ಕೊ. ಪಾತ್ರೆ ಮುಟ್ಟೋಕೆ ಮುಂಚೆ ಸ್ವಿಚ್ ಆಫ್ ಮಾಡು."

ನಮ್ಮ ಗದಗಿನಲ್ಲಿ ಮಣೆ ಊಟಕ್ಕೆ ಕೂರಲಿಕ್ಕೆ. ಇಲ್ಲಿ ಅಡುಗೆ ಮಾಡುವವಳು ಜೀವ ಉಳಿಸಿಕೊಳ್ಳಲು ಅದರ ಮೇಲೆ ನಿಲ್ಲುತ್ತಾಳೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಸೌದೆ ಹಸಿ. ಕರೆಂಟು ತಯಾರಿಸುವವರ ಕಾಲೊನಿಯಲ್ಲಿ ಕರೆಂಟಿನ ಒಲೆಯೇ ಗತಿ.

ಅನ್ನ, ಸಾರು ಬೇಗ ಕಲಿತೆ. ಕೈಕೊಟ್ಟದ್ದು ರೊಟ್ಟಿ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರಬೇಕು, ನಿಮಗೆ ಗೊತ್ತೇ ಇದೆ. ಕಬ್ಬಿಣದ ಹಂಚು, ಒದ್ದೆ ಕೈ, ಕೆಳಗೆ ಬೆತ್ತಲೆ ತಂತಿ! ಪ್ರತಿ ರೊಟ್ಟಿಗೂ ಸ್ವಿಚ್ಚು ಆರಿಸಿ, ನೀರು ಸವರಿ, ಮತ್ತೆ ಹಾಕುವಷ್ಟರಲ್ಲಿ ಹಂಚು ತಣ್ಣಗಾಗಿ ರೊಟ್ಟಿ ಬಿರಿಯುತ್ತಿತ್ತು. ಹಿಟ್ಟಿನ ಪರಾತದ ಮುಂದೆ ಕೂತು ಎಷ್ಟೋ ಸಲ ಅತ್ತಿದ್ದೇನೆ.

ಅಷ್ಟರಲ್ಲಿ ಅತ್ತೆ ಊರಿಂದ ಬರುತ್ತಾರೆಂದು ಗೊತ್ತಾಯಿತು. ಅವರಿಗೆ ರೊಟ್ಟಿಯಿಲ್ಲದೆ ಊಟವಿಲ್ಲ, ಸೊಸೆ ಮಾಡಿದ್ದು ಸೇರುವುದೂ ಇಲ್ಲ. ಒಲೆಯ ಮುಂದೆ ತಾವೇ ನಿಲ್ಲುವವರು.

"ರೀ, ಅತ್ತಿ ಬರೂದ್ರಾಗ ಬ್ಯಾರೆ ಒಲಿ ಬೇಕು," ಎಂದೆ.

"ಹೇಳಿಕೊಟ್ರ ಅವ್ವ ಕಲೀತಾಳ ಬಿಡು," ಎಂದರು ನಮ್ಮವರು, ಪವರ್‌ಹೌಸಿನ ಕೆಲಸದಲ್ಲಿ ಇಡೀ ದಿನ ಕರೆಂಟಿನ ನಡುವೆಯೇ ಇರುವವರು.

"ಕಲಿಯೂ ತನಕ ಕರೆಂಟು ಕಾಯ್ತದೇನ್ರಿ?"

ನನ್ನನ್ನು ಕರೆದುಕೊಂಡು ಸಾಗರದ ಬಸ್ಸು ಹತ್ತಿದರು. ಅಲ್ಲಿನ ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಚೀಲದಿಂದ ನನ್ನ ಹಂಚು ಹೊರತೆಗೆದಾಗ ಅಂಗಡಿಯವರು ನಕ್ಕರು. "ಹಂಚು ಸಮೇತ ಬಂದ್ರಾ ಅಕ್ಕಾ!" ನಕ್ಕರೆ ನಗಲಿ. ಅವರು ತೋರಿಸಿದ, ಕಬ್ಬಿಣದ ತಟ್ಟೆ ಮುಚ್ಚಿದ ಎರಡು ಒಲೆಗಳ ಮೇಲೂ ಅದನ್ನಿಟ್ಟು, ಟೆಸ್ಟರ್ ಮುಟ್ಟಿಸಿ ಕರೆಂಟು ಸೋರುತ್ತದೆಯೇ ನೋಡಲು ಹೇಳಿದೆ. ಹೊಳೆಯುತ್ತಿದ್ದ, ಅಗ್ಗದ ಒಲೆಯ ಮೇಲೆ ಟೆಸ್ಟರಿನ ಪುಟ್ಟ ದೀಪ ಮಿಣುಕಿತು. ಅಂಗಡಿಯವರ ನಗು ನಿಂತಿತು. ಇನ್ನೊಂದು ಭಾರ, ಕುರೂಪಿ, ಕಾಯುವುದೂ ನಿಧಾನ. ಟೆಸ್ಟರು ಮಿಣುಕಲಿಲ್ಲ. ಅದನ್ನೇ ತಂದೆವು. ಮನೆಯಲ್ಲಿ ನಮ್ಮವರು ಅದಕ್ಕೆಂದೇ ಮೂರು ಪಿನ್ನಿನ ಪ್ಲಗ್ಗು ಕೂಡಿಸಿದರು.

ಅತ್ತೆಗೆ ಅದು ಹಿಡಿಸಲೇ ಇಲ್ಲ. "ಇದೆಂಥಾ ಒಲಿ ತಂದೀ? ಕಾಯೂದ್ರಾಗ ಹಸಿವೇ ಸತ್ತುಹೋಗ್ತದ!"

ಒಂದು ಬೆಳಿಗ್ಗೆ ನಲ್ಲಿಯಿಂದ ನೀರು ತಂದು ಒಳಗೆ ಬರುತ್ತೇನೆ, ಅಟ್ಟಕ್ಕೆ ಹಾಕಿದ್ದ ಹಳೆಯ ಒಲೆ ಕೆಂಪಗೆ ಉರಿಯುತ್ತಿದೆ. ಅತ್ತೆ ಒದ್ದೆ ನೆಲದ ಮೇಲೆ ಬರಿಗಾಲಲ್ಲಿದ್ದಾರೆ. ಹಂಚಿನಲ್ಲಿ ರೊಟ್ಟಿ, ಕೈಯಲ್ಲಿ ನೀರು ತೊಟ್ಟಿಕ್ಕುವ ಬಟ್ಟೆ. ಕೂಗಿದರೆ ಬೆಚ್ಚಿ ಹಂಚನ್ನೇ ಹಿಡಿದಾರು. ಕೊಡ ಅಲ್ಲೇ ಬಿಟ್ಟು ಜಗಲಿಗೆ ಓಡಿ ಮೇನ್ ಸ್ವಿಚ್ಚು ಎಳೆದೆ.

"ಕರೆಂಟ್ ಹೋತು ನೋಡು. ಇಡೀ ನಾಡಿಗೆ ಕೊಡ್ತೀರಿ, ನಿಮ್ಮ ಮನಿಗೇ ಇಲ್ಲ!" ಒಳಗಿಂದ ಅತ್ತೆಯ ದನಿ. ಬದುಕಿರುವ ದನಿ! ಒಳಗೆ ಓಡಿ ಅವರನ್ನು ತಬ್ಬಿಕೊಂಡು ಹೋ ಎಂದು ಅತ್ತುಬಿಟ್ಟೆ. ಕರೆಂಟು ತೆಗೆದದ್ದು ನಾನೇ ಎಂದೂ, ಯಾಕೆಂದೂ ಬಿಕ್ಕುತ್ತಲೇ ಹೇಳಿದೆ.

ಅತ್ತೆ ಹಳೆಯ ಒಲೆಯನ್ನು ತಾವೇ ಹಿತ್ತಲಿಗೆ ಎಸೆದು ಬಂದು, ಕುರೂಪಿ ಒಲೆಯ ಮುಂದೆ ಮಣೆ ಎಳೆದುಕೊಂಡರು. ಆ ದಿನದ ರೊಟ್ಟಿ ಚಪ್ಪಲಿಯ ಅಟ್ಟೆಯಂತಿತ್ತು.

"ಊರಿನ ರುಚಿ ಇಲ್ಲವ್ವಾ," ಎಂದರು ಅಗಿಯುತ್ತ. "ಇರಲಿ, ಇನ್ನೊಂದ ಹಾಕು."

ಆಮೇಲೂ ಅಲ್ಲಿ ರೊಟ್ಟಿ ಬೇಯಿಸುವಾಗಲೆಲ್ಲ ನಮ್ಮೂರ ಬೆಂಕಿಗೆ ಹಂಬಲಿಸುತ್ತಿದ್ದೆ. ಮುಂದಿನ ಸಲ ಗದಗಿಗೆ ಹೋದಾಗ ತವರಿನಲ್ಲಿ ನನ್ನ ಅವ್ವನ ಕಟ್ಟಿಗೆ ಒಲೆಯ ಮುಂದೆ ಕೂತೆ. ರೊಟ್ಟಿ ಹಂಚಿಗೆ ಬಿತ್ತು, ಬಟ್ಟೆ ಅದ್ದಿದೆ. ಕೈ ಮುಂದೆ ಹೋಗಲೊಲ್ಲದು.

"ನೀರು ಹಚ್ಚು, ಯಾಕ ಕೂತಿ?" ಅವ್ವ ಗದರಿದಳು.

ನಾನು ಹೊಗೆ ಹಿಡಿದ ಗೋಡೆಯ ಮೇಲೆ ಸ್ವಿಚ್ಚು ಹುಡುಕುತ್ತಿದ್ದೆ.